ರಾಜ ಅಂಕಿತ ಹಾಕಲ್ಲ ಎಂದಾಗ: ಬೆಲ್ಜಿಯಂ, ಏಪ್ರಿಲ್ 1990

1990ರ ಏಪ್ರಿಲ್ ಮೊದಲ ವಾರದಲ್ಲಿ ಸುಮಾರು ಎರಡು ದಿನ ಬೆಲ್ಜಿಯಂನ ರಾಜನ ಅಧಿಕಾರ ರಾಜ ಬೋದ್ವೆನ್ ಅವರ ಕೈಯಲ್ಲಿ ಇರಲಿಲ್ಲ. ಅವರು ತೀರಿಕೊಂಡಿರಲಿಲ್ಲ. ಕಾಯಿಲೆ ಬಿದ್ದಿರಲಿಲ್ಲ. ಪಟ್ಟ ಬಿಟ್ಟುಕೊಟ್ಟಿರಲೂ ಇಲ್ಲ. ಸಂಸತ್ತು ಪಾಸು ಮಾಡಿದ ಗರ್ಭಪಾತದ ಮಸೂದೆಯೊಂದಕ್ಕೆ ಅಂಕಿತ ಹಾಕಲು ಆತ್ಮಸಾಕ್ಷಿ ಒಪ್ಪುತ್ತಿಲ್ಲ ಎಂದು ಪ್ರಧಾನಿಗೆ ಪತ್ರ ಬರೆದಿದ್ದರು. ಆ ಪತ್ರದಿಂದ ಹುಟ್ಟಿದ ಬಿಕ್ಕಟ್ಟು ಒಂದೇ ವಾರದಲ್ಲಿ ಬಗೆಹರಿಯಿತು. ಬಗೆಹರಿಸಿದ ರೀತಿ ಸರಿಯೇ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಯುರೋಪಿನಲ್ಲಿ ಇವತ್ತಿಗೂ ರಾಜ ರಾಣಿಯರು ಯಾಕಿದ್ದಾರೆ, ಅವರಿಗೆ ಕೆಲಸವಾದರೂ ಏನು ಎಂದು ಕೇಳುವವರು ತುಂಬಾ ಜನ. ರಿಬ್ಬನ್ ಕತ್ತರಿಸುವುದು, ಕೈ ಬೀಸುವುದು, ಬರೆದುಕೊಟ್ಟ ಭಾಷಣ ಓದುವುದು ಎಂಬ ಉತ್ತರ ಬೇಗ ಸಿಗುತ್ತದೆ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಆ ಉತ್ತರ ಸಾಕು. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಾಗಲೇ ಈ ಹುದ್ದೆಯ ಒಳಗೆ ಏನಿದೆ ಅಂತ ಗೊತ್ತಾಗುವುದು. ಅದಕ್ಕೇ ಈ ಪ್ರಕರಣ ಆರಿಸಿಕೊಂಡೆ. ರಾಜಮನೆತನದವರ ಮತ್ತು ಪ್ರಧಾನಿಯ ಹೆಸರು ಜಗತ್ತಿಗೇ ಗೊತ್ತಿರುವುದರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉಳಿದವರನ್ನೆಲ್ಲ ಹುದ್ದೆಯಿಂದ ಮಾತ್ರ ಗುರುತಿಸಿದ್ದೇನೆ. ಯಾವ ಜಾಗದಲ್ಲಿ ಕೂತವರು ಏನು ತೀರ್ಮಾನ ಮಾಡಿದರು ಎನ್ನುವುದೇ ನಮಗೆ ಬೇಕಾದದ್ದು.

ಹಿನ್ನೆಲೆ

ಬೆಲ್ಜಿಯಂ ಹುಟ್ಟಿದ್ದು 1830ರ ಕ್ರಾಂತಿಯಿಂದ. ಅಲ್ಲಿ ಮೊದಲು ಬಂದದ್ದು ಸಂವಿಧಾನ, ಆಮೇಲೆ ರಾಜ. 1831ರ ಫೆಬ್ರವರಿಯಲ್ಲಿ ಸಂವಿಧಾನ ಸಿದ್ಧವಾಯಿತು. ರಾಜನ ಕೆಲಸ ಇಷ್ಟೇ ಎಂದು ಗೆರೆ ಎಳೆದ ಮೇಲೆ, ಜರ್ಮನ್ ರಾಜಮನೆತನವೊಂದರಿಂದ ಮೊದಲನೇ ಲಿಯೋಪೋಲ್ಡ್ ಅವರನ್ನು ಕರೆತಂದರು. ಅವರು ಸಂವಿಧಾನಕ್ಕೆ ಬದ್ಧನಾಗಿರುತ್ತೇನೆ ಎಂದು ಪ್ರಮಾಣ ಮಾಡಿದ್ದು ಅದೇ ವರ್ಷದ ಜುಲೈ 21ರಂದು. ಆ ದಿನವೇ ಈಗಲೂ ಅಲ್ಲಿನ ರಾಷ್ಟ್ರೀಯ ದಿನ. ಹಿಂದಿನ ರಾಜ ತೀರಿಕೊಂಡ ಕೂಡಲೇ ಮಗ ತಾನಾಗಿ ರಾಜನಾಗಿಬಿಡುವ ಪದ್ಧತಿ ಅಲ್ಲಿಲ್ಲ. ಸಂಸತ್ತಿನ ಮುಂದೆ ನಿಂತು ಪ್ರಮಾಣ ಮಾಡಿದ ಮೇಲೆಯೇ ರಾಜ. ನಡುವಿನ ದಿನಗಳಲ್ಲಿ ರಾಜನ ಅಧಿಕಾರವನ್ನು ಬೆಲ್ಜಿಯಂ ಜನರ ಹೆಸರಿನಲ್ಲಿ ಮಂತ್ರಿಮಂಡಲ ಚಲಾಯಿಸುತ್ತದೆ. ಈ ಸಣ್ಣ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಜನ ಯಾವ ಆದೇಶಕ್ಕೂ ಒಬ್ಬ ಮಂತ್ರಿಯ ಸಹಿ ಇಲ್ಲದೆ ಬೆಲೆ ಇಲ್ಲ. ಹೊಣೆ ಮಂತ್ರಿಯದು, ರಾಜನ ಮೇಲೆ ಯಾರೂ ಬೊಟ್ಟು ಮಾಡುವಂತಿಲ್ಲ. ಇನ್ನೊಂದು ಕಡೆ, ಸಂಸತ್ತು ಒಪ್ಪಿದ ಮಸೂದೆ ಕಾನೂನಾಗಲು ರಾಜನ ಅಂಕಿತ ಬೇಕೇ ಬೇಕು. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇರುತ್ತಲ್ಲ, ಹಾಗೆ. ಒಂದೇ ಕೀಲಿಯಿಂದ ತೆಗೆಯಲು ಬರುವುದಿಲ್ಲ. ನಮ್ಮಲ್ಲಾದರೆ 111ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಮಸೂದೆಯನ್ನು ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ಮತ್ತೆ ಪಾಸಾಗಿ ಬಂದರೆ ಅಂಕಿತ ಹಾಕಲೇಬೇಕು. ಬೆಲ್ಜಿಯಂ ಸಂವಿಧಾನದಲ್ಲಿ ಅಂಥ ಮಧ್ಯದ ದಾರಿ ಬರೆದಿಲ್ಲ. ರಾಜ ಹಾಕದಿದ್ದರೆ ಏನು ಮಾಡಬೇಕು ಎಂದೂ ಬರೆದಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಪಕ್ಕದ ಬ್ರಿಟನ್‌ನಲ್ಲಿ ಅಂಕಿತ ನಿರಾಕರಿಸಿದ ಕೊನೆಯ ಸಂದರ್ಭ 1708ರದು. ಯುರೋಪಿನ ಉಳಿದ ಕಡೆಯೂ ರಾಜನ ಸಹಿ ಎಂದರೆ ಸುಮ್ನೆ ಒಂದು ವಿಧಿವಿಧಾನ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಹಾಗಂತ ಬೆಲ್ಜಿಯಂ ರಾಜ ಬರೀ ಗೊಂಬೆ ಅಲ್ಲ. ಡಚ್ ಮಾತಾಡುವ ಫ್ಲಾಂಡರ್ಸ್, ಫ್ರೆಂಚ್ ಮಾತಾಡುವ ವಲೋನಿಯಾ, ಎರಡೂ ಸೇರುವ ಬ್ರಸೆಲ್ಸ್, ಪೂರ್ವದ ಅಂಚಿನಲ್ಲಿ ಸಣ್ಣದೊಂದು ಜರ್ಮನ್ ಭಾಷಿಕರ ಪ್ರದೇಶ. ಇಷ್ಟರ ನಡುವೆ ಯಾವ ಪಕ್ಷಕ್ಕೂ ಬಹುಮತ ಬರುವುದಿಲ್ಲ. ಪ್ರತಿ ಚುನಾವಣೆಯ ನಂತರ ಪಕ್ಷದ ನಾಯಕರನ್ನು ಒಬ್ಬೊಬ್ಬರಾಗಿ ಕರೆಸಿ ಮಾತಾಡಿ, ಯಾರಿಂದ ಸರ್ಕಾರ ಕಟ್ಟಲು ಆಗಬಹುದು ಎಂದು ನೋಡಿ, ಅವರಿಗೆ ಹೊಣೆ ಒಪ್ಪಿಸುವುದು ರಾಜನ ಕೆಲಸ. 2010ರ ಚುನಾವಣೆಯ ನಂತರ ಹೊಸ ಸರ್ಕಾರ ಬರಲು 541 ದಿನ ಹಿಡಿಯಿತು. ಅಷ್ಟು ದಿನವೂ ಮಾತುಕತೆಯ ಎಳೆ ತುಂಡಾಗದಂತೆ ನೋಡಿಕೊಂಡವರಲ್ಲಿ ಆಗಿನ ರಾಜ ಎರಡನೇ ಆಲ್ಬರ್ಟ್ ಮುಖ್ಯರು. ಪ್ರಧಾನಿ ಜೊತೆ ರಾಜ ಆಡುವ ಮಾತು ಅವರಿಬ್ಬರ ನಡುವೆಯೇ ಉಳಿಯಬೇಕು ಎನ್ನುವುದು ಅಲ್ಲಿ ಗಟ್ಟಿ ಸಂಪ್ರದಾಯ. ರಾಜ ಏನಂದರು ಎಂದು ಮಂತ್ರಿಯೊಬ್ಬ ಹೊರಗೆ ಹೇಳಿದರೆ ದೊಡ್ಡ ತಪ್ಪು.

ಈ ಕಥೆಯ ಬೇರು ಇರುವುದು ಇನ್ನೂ ಹಿಂದೆ. 1940ರ ಮೇ 28ರಂದು ಮೂರನೇ ಲಿಯೋಪೋಲ್ಡ್ ಜರ್ಮನ್ ಸೇನೆಗೆ ಶರಣಾದರು. ಮಂತ್ರಿಗಳು ದೇಶ ಬಿಟ್ಟು ಹೊರಗಿನಿಂದ ಯುದ್ಧ ಮುಂದುವರಿಸಲು ಹೊರಟರೆ, ರಾಜ ನಾನು ಇಲ್ಲೇ ಇರುತ್ತೇನೆ ಎಂದರು. ಶತ್ರುವಿನ ಕೈಗೆ ಸಿಕ್ಕ ರಾಜ ಆಳುವ ಸ್ಥಿತಿಯಲ್ಲಿ ಇಲ್ಲ ಎಂದು ಮಂತ್ರಿಗಳು ಸಂವಿಧಾನದ 82ನೇ ವಿಧಿ ಹಿಡಿದು ಘೋಷಿಸಿದರು. ಯುದ್ಧ ಮುಗಿದ ಮೇಲೆ ಅವರು ವಾಪಸ್ ಬರಬೇಕೇ ಬೇಡವೇ ಎಂಬುದು ದೇಶವನ್ನೇ ಸೀಳಿತು. 1950ರ ಮಾರ್ಚ್‌ನ ಜನಮತ ಗಣನೆಯಲ್ಲಿ ಒಟ್ಟು ಶೇ 57ಕ್ಕೂ ಹೆಚ್ಚು ಜನ ಬರಲಿ ಎಂದರು. ಬಿಡಿಸಿ ನೋಡಿದರೆ ಫ್ಲಾಂಡರ್ಸ್‌ನಲ್ಲಿ ಶೇ 72, ವಲೋನಿಯಾದಲ್ಲಿ ಶೇ 42. ಜುಲೈನಲ್ಲಿ ರಾಜ ಬಂದರು. ವಲೋನಿಯಾ ಮುಷ್ಕರಕ್ಕೆ ಇಳಿಯಿತು. ಲಿಯೇಜ್ ನಗರದ ಪಕ್ಕದ ಊರೊಂದರಲ್ಲಿ ಪೊಲೀಸ್ ಗುಂಡಿಗೆ ನಾಲ್ವರು ಬಲಿಯಾದರು. ಲಿಯೋಪೋಲ್ಡ್ ಅಧಿಕಾರವನ್ನು ಮಗನಿಗೆ ಬಿಟ್ಟುಕೊಟ್ಟರು.

ಆ ಮಗನೇ ಬೋದ್ವೆನ್. 1950ರ ಆಗಸ್ಟ್ 11ರಂದು ಸಂಸತ್ತಿನಲ್ಲಿ ಪ್ರಮಾಣ ಮಾಡುವಾಗ ಅವರಿಗೆ 19 ವರ್ಷ. ಕಮ್ಯುನಿಸ್ಟರ ಸಾಲಿನಿಂದ ಗಣರಾಜ್ಯಕ್ಕೆ ಜೈ ಎಂಬ ಕೂಗು ಎದ್ದಿತು. ಒಂದು ವಾರಕ್ಕೆ ಆ ಪಕ್ಷದ ಅಧ್ಯಕ್ಷರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅಪ್ಪ ಪಟ್ಟ ಬಿಟ್ಟ ಮೇಲೆ 1951ರ ಜುಲೈನಲ್ಲಿ ಈ ಹುಡುಗ ಪೂರ್ತಿ ರಾಜನಾದ. ಮೈತುಂಬ ಎಚ್ಚರ ಇಟ್ಟುಕೊಂಡು, ಯಾವ ಪಕ್ಷಕ್ಕೂ ಸೇರದವನಂತೆ 39 ವರ್ಷ ನಡೆದುಕೊಂಡು, ಒಡೆದ ದೇಶದಲ್ಲಿ ಎರಡೂ ಕಡೆಯವರ ಗೌರವ ಗಳಿಸಿದ. 1990ರಲ್ಲಿ ಪತ್ರ ಬರೆದದ್ದು ಆ ಎಚ್ಚರದ ಮನುಷ್ಯ ಎನ್ನುವುದನ್ನು ಮರೆತರೆ ಪ್ರಕರಣ ಅರ್ಥವಾಗುವುದಿಲ್ಲ.

ಸಮಸ್ಯೆ

ಬೆಲ್ಜಿಯಂನಲ್ಲಿ ಗರ್ಭಪಾತ 1867ರ ದಂಡಸಂಹಿತೆಯ ಪ್ರಕಾರ ಅಪರಾಧವಾಗಿತ್ತು. 1973ರ ಜನವರಿಯಲ್ಲಿ ನಾಮೂರ್ ನಗರದ ಒಬ್ಬ ವೈದ್ಯರನ್ನು ಇದೇ ಕಾರಣಕ್ಕೆ ಬಂಧಿಸಿ ಒಂದು ತಿಂಗಳಿಗೂ ಜಾಸ್ತಿ ಜೈಲಿನಲ್ಲಿ ಇಟ್ಟರು. ಅದರ ವಿರುದ್ಧ ಜನ ಬೀದಿಗೆ ಇಳಿದರು. ಆದರೂ ಕಾನೂನು ಬದಲಾಗಲು ಮತ್ತೆ 17 ವರ್ಷ ಬೇಕಾಯಿತು. ಕ್ಯಾಥೋಲಿಕ್ ಹಿನ್ನೆಲೆಯ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷಗಳು ಹೆಚ್ಚುಕಡಿಮೆ ಎಲ್ಲ ಸರ್ಕಾರಗಳಲ್ಲೂ ಇದ್ದುದರಿಂದ ವಿಷಯ ಪ್ರತಿ ಸಲ ಮುಂದಕ್ಕೆ ಹೋಗುತ್ತಿತ್ತು.

ಕೊನೆಗೆ ಇಬ್ಬರು ಸೆನೆಟರ್‌ಗಳು, ಒಬ್ಬರು ಫ್ರೆಂಚ್ ಭಾಷಿಕ ಸಮಾಜವಾದಿ, ಇನ್ನೊಬ್ಬರು ಡಚ್ ಭಾಷಿಕ ಲಿಬರಲ್ ಮಹಿಳೆ, ಸೇರಿ ಮಸೂದೆ ತಂದರು. ಸಂಕಟದ ಸ್ಥಿತಿಯಲ್ಲಿರುವ ಮಹಿಳೆ 12 ವಾರಗಳ ಒಳಗೆ, ಆರು ದಿನ ಕಾದು, ವೈದ್ಯರ ಮೂಲಕ ಗರ್ಭಪಾತ ಮಾಡಿಸಿಕೊಂಡರೆ ಶಿಕ್ಷೆ ಇಲ್ಲ ಎನ್ನುವುದು ಅದರ ತಿರುಳು. 1989ರ ನವೆಂಬರ್‌ನಲ್ಲಿ ಸೆನೆಟ್ ಒಪ್ಪಿತು. 1990ರ ಮಾರ್ಚ್ 29, ಗುರುವಾರ, ಕೆಳಮನೆ ಒಪ್ಪಿತು. ಪರ 126, ವಿರುದ್ಧ 69, ತಟಸ್ಥ 12.

ಪ್ರಧಾನಿ ವಿಲ್‌ಫ್ರಿಡ್ ಮಾರ್ಟೆನ್ಸ್ ಅವರ ಸ್ವಂತ ಪಕ್ಷ ವಿರುದ್ಧ ಮತ ಹಾಕಿತ್ತು. ಸರ್ಕಾರದೊಳಗಿನ ಸಮಾಜವಾದಿಗಳು ಹೊರಗಿನ ಲಿಬರಲ್‌ಗಳ ಜೊತೆ ಸೇರಿ ಮಸೂದೆ ಗೆಲ್ಲಿಸಿದ್ದರು. ಮೊದಲ ತಿರುವು ಇಲ್ಲಿದೆ. ಮಾರ್ಟೆನ್ಸ್ ಬೇಕಿದ್ದರೆ ಇದನ್ನೇ ನೆಪ ಮಾಡಿಕೊಂಡು ಸರ್ಕಾರ ಬೀಳಿಸಬಹುದಿತ್ತು. ಬೀಳಿಸಲಿಲ್ಲ. ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ, ಸಂಸತ್ತು ತೀರ್ಮಾನಿಸಿದೆ ಎಂಬ ನಿಲುವಿಗೆ ಅಂಟಿಕೊಂಡರು. ಮುಂದಿನ ವಾರ ಅವರು ಮಾಡಿದ್ದೆಲ್ಲ ಈ ನಿಲುವಿನಿಂದಲೇ ಸಾಧ್ಯವಾಯಿತು.

ಮರುದಿನ ಶುಕ್ರವಾರ, ಮಾರ್ಚ್ 30. ರಾಜನ ಪತ್ರ ಬಂತು.

ಆ ಪತ್ರದಲ್ಲಿ ಬೋದ್ವೆನ್ ಹೇಳಿದ್ದರ ಸಾರ ಹೀಗಿದೆ. ಈ ಮಸೂದೆ ತೀರಾ ದುರ್ಬಲ ಜೀವಗಳ ಬಗೆಗಿನ ಗೌರವವನ್ನು ಕಡಿಮೆ ಮಾಡುತ್ತದೆ ಎಂಬ ಭಯ ನನಗಿದೆ. ಇದಕ್ಕೆ ಸಹಿ ಹಾಕಿದರೆ ಒಂದು ಮಟ್ಟಿಗೆ ನಾನೂ ಹೊಣೆ ಹೊತ್ತಂತೆ ಆಗುತ್ತದೆ. ಅದು ನನ್ನಿಂದ ಆಗದು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ, ರಾಜನೊಬ್ಬನಿಗೆ ಮಾತ್ರ ಇಲ್ಲವೇ? ಹಾಗೆಂದು ದೇಶದ ಸಂಸ್ಥೆಗಳನ್ನು ನಾನು ತಡೆಯುವವನಲ್ಲ. ರಾಜನ ಆತ್ಮಸಾಕ್ಷಿಯೂ ಉಳಿಯಬೇಕು, ಸಂಸದೀಯ ಪ್ರಜಾಪ್ರಭುತ್ವವೂ ಸರಾಗ ನಡೆಯಬೇಕು, ಅಂಥ ಕಾನೂನಿನ ದಾರಿಯೊಂದನ್ನು ಸರ್ಕಾರ ಮತ್ತು ಸಂಸತ್ತು ಹುಡುಕಬೇಕು.

ಬೋದ್ವೆನ್ ದೈವಭಕ್ತ ಕ್ಯಾಥೋಲಿಕ್. ರಾಣಿ ಫಾಬಿಯೋಲಾ ಹಲವು ಸಲ ಗರ್ಭ ಧರಿಸಿ ಕಳೆದುಕೊಂಡಿದ್ದರು, ದಂಪತಿಗೆ ಮಕ್ಕಳಿರಲಿಲ್ಲ. ಈ ನೋವೇ ಪತ್ರ ಬರೆಸಿತು ಎಂದು ಹೇಳುವ ಹಕ್ಕು ನಮಗಿಲ್ಲ. ಅವರ ಮಟ್ಟಿಗೆ ಇದು ರಾಜಕೀಯದ ಆಟ ಆಗಿರಲಿಲ್ಲ ಎಂದಂತೂ ನಂಬಬಹುದು. ನನಗೆ ಈ ಪತ್ರದ ಬಗ್ಗೆ ಗೌರವ ಇರುವುದು ಅದರ ಕೊನೆಯ ಭಾಗಕ್ಕೆ. ಕಾನೂನು ಬೇಡ ಎಂದು ಅವರು ಹೇಳಲಿಲ್ಲ. ನನ್ನ ಕೈಯಿಂದ ಬೇಡ, ದಾರಿ ಹುಡುಕಿ ಎಂದರು. ಇದೇ ವ್ಯತ್ಯಾಸ ಮುಂದೆ ಎಲ್ಲರನ್ನೂ ಕಾಪಾಡಿತು.

ಏನೇನು ಯೋಚಿಸಿದರು

ವಾರಾಂತ್ಯದಲ್ಲಿ ಪ್ರಧಾನಿಯ ಮುಂದಿದ್ದ ದಾರಿಗಳನ್ನು ಒಂದೊಂದಾಗಿ ನೋಡೋಣ.

ರಾಜನನ್ನು ಒಪ್ಪಿಸಿ ಸಹಿ ಹಾಕಿಸುವುದು ಮೊದಲನೆಯದು. ಪತ್ರದ ಧಾಟಿ ನೋಡಿದರೆ ಅದು ಆಗುವ ಮಾತಲ್ಲ.

ಸಹಿ ಇಲ್ಲದೆ ಮಸೂದೆಯನ್ನು ಸುಮ್ನೆ ಇಟ್ಟುಕೊಳ್ಳುವುದು ಇನ್ನೊಂದು. ಹಾಗೆ ಮಾಡಿದ್ದರೆ ಎರಡೂ ಮನೆ ಒಪ್ಪಿದ ಕಾನೂನನ್ನು ಒಬ್ಬ ವ್ಯಕ್ತಿ ತಡೆದಂತೆ ಆಗುತ್ತಿತ್ತು. ಸಮಾಜವಾದಿಗಳು ಸರ್ಕಾರದಿಂದ ಹೊರಬೀಳುತ್ತಿದ್ದರು. ಮುಂದಿನ ಚುನಾವಣೆ ರಾಜನ ಪರ, ರಾಜನ ವಿರುದ್ಧ ಎಂದೇ ನಡೆಯುತ್ತಿತ್ತು. 1950 ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ದೇಶದಲ್ಲಿ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಪಟ್ಟ ತ್ಯಾಗ ಮೂರನೆಯದು. ನಿಯಮದ ದೃಷ್ಟಿಯಿಂದ ಅತ್ಯಂತ ಸ್ವಚ್ಛ ದಾರಿ ಇದೇ. ಹುದ್ದೆಯ ಕೆಲಸ ಮಾಡಲು ಮನಸ್ಸು ಒಪ್ಪದಿದ್ದರೆ ಹುದ್ದೆ ಬಿಡಬೇಕು ಅಲ್ವಾ? ತಮ್ಮ ಆಲ್ಬರ್ಟ್ ಇದ್ದರು, ಪ್ರಮಾಣ ಮಾಡಿ ಸಹಿ ಹಾಕಬಹುದಿತ್ತು. ಆದರೆ ಅಪ್ಪನೂ ಪಟ್ಟ ಬಿಟ್ಟು, ಮಗನೂ ಬಿಟ್ಟರೆ, ಎರಡು ಭಾಷೆಗಳ ನಡುವೆ ಉಳಿದಿದ್ದ ಕೆಲವೇ ಕೊಂಡಿಗಳಲ್ಲಿ ಒಂದು ಸಡಿಲವಾಗುತ್ತಿತ್ತು. ಆಗಷ್ಟೇ ದೇಶ ಒಕ್ಕೂಟ ವ್ಯವಸ್ಥೆಯ ಕಡೆ ಹೆಜ್ಜೆ ಹಾಕುತ್ತಿತ್ತು. ಮಾರ್ಟೆನ್ಸ್ ಈ ದಾರಿಯನ್ನು ಬೇಡ ಎಂದದ್ದು ನನಗೆ ಅರ್ಥವಾಗುತ್ತದೆ.

ಸಂವಿಧಾನ ತಿದ್ದುವುದು ನಾಲ್ಕನೆಯದು. ಬೆಲ್ಜಿಯಂನಲ್ಲಿ ಅದಕ್ಕೆ ಮೊದಲು ಯಾವ ವಿಧಿ ತಿದ್ದಬೇಕು ಎಂದು ಘೋಷಿಸಬೇಕು. ಘೋಷಿಸಿದ ಕೂಡಲೇ ಸಂಸತ್ತು ವಿಸರ್ಜನೆ ಆಗುತ್ತದೆ. ಚುನಾವಣೆ ಮುಗಿದ ಮೇಲೆ ಹೊಸ ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಬೇಕು. ತಿಂಗಳುಗಟ್ಟಲೆ ಕೆಲಸ.

ಉಳಿದದ್ದು 82ನೇ ವಿಧಿ. ರಾಜ ಆಳಲು ಆಗದ ಸ್ಥಿತಿಗೆ ಬಂದರೆ ಮಂತ್ರಿಗಳು ಅದನ್ನು ಖಚಿತಪಡಿಸಿ ತಕ್ಷಣ ಎರಡೂ ಮನೆಗಳನ್ನು ಕರೆಯಬೇಕು, ಮನೆಗಳು ಜಂಟಿಯಾಗಿ ಸೇರಿ ರಾಜಪ್ರತಿನಿಧಿಯ ವ್ಯವಸ್ಥೆ ಮಾಡಬೇಕು ಎನ್ನುತ್ತದೆ ಅದು. ಬುದ್ಧಿ ಕೆಟ್ಟ ರಾಜ, ಹಾಸಿಗೆ ಹಿಡಿದ ರಾಜ, ಸೆರೆ ಸಿಕ್ಕ ರಾಜ, ಇಂಥವರಿಗಾಗಿ ಮಾಡಿದ ವಿಧಿ. 1940ರಲ್ಲಿ ಅಪ್ಪನ ಮೇಲೆ, ಅವರ ಒಪ್ಪಿಗೆ ಇಲ್ಲದೆ ಪ್ರಯೋಗವಾಗಿತ್ತು. ಈಗ ಮಗನ ಮೇಲೆ, ಅವರ ಒಪ್ಪಿಗೆಯಿಂದಲೇ ಪ್ರಯೋಗಿಸಬೇಕು ಎಂಬ ಯೋಚನೆ ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ.

ಏನಾಯಿತು

ಮಂಗಳವಾರ, ಏಪ್ರಿಲ್ 3. ಪ್ರಧಾನಿ ರಾಜನಿಗೆ ಪ್ರಸ್ತಾಪ ಕಳಿಸಿದರು. ರಾಜ ಒಪ್ಪಿದರು. ಆ ರಾತ್ರಿ ಸಂಪುಟ ಸೇರಿ ರಾಜ ಆಳುವ ಸ್ಥಿತಿಯಲ್ಲಿ ಇಲ್ಲ ಎಂದು ದಾಖಲಿಸಿತು. ಆಗ ರಾಜನ ಅಧಿಕಾರ ಮಂತ್ರಿಮಂಡಲಕ್ಕೆ ಬಂತು. ವಿಧಿಯಲ್ಲಿ ರಾಜಪ್ರತಿನಿಧಿ ಎಂದಿದೆ, ಮಂತ್ರಿಮಂಡಲ ಎಂದಿಲ್ಲ. ಆ ಖಾಲಿ ಜಾಗವನ್ನು ತುಂಬಲು, ಒಬ್ಬ ರಾಜ ತೀರಿಕೊಂಡು ಇನ್ನೊಬ್ಬರು ಪ್ರಮಾಣ ಮಾಡುವ ನಡುವಿನ ದಿನಗಳ ನಿಯಮ ಇದೆಯಲ್ಲ, ಮೊದಲೇ ಹೇಳಿದ್ದು, ಅದನ್ನು ಇಲ್ಲಿಗೂ ಎಳೆದುಕೊಂಡರು.

ಮಸೂದೆಯ ಮೇಲೆ ರಾಜನ ಸಹಿ ಇರಬೇಕಾದ ಕಡೆ ಮಂತ್ರಿಗಳೆಲ್ಲ ಸಹಿ ಹಾಕಿದರು. ಇಡೀ ಪ್ರಕರಣದಲ್ಲಿ ನಾನು ತುಂಬಾ ಹೊತ್ತು ನಿಂತು ನೋಡುವ ಜಾಗ ಇದು. ಹಾಗೆ ಸಹಿ ಹಾಕಿದವರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟ್ ಮಂತ್ರಿಗಳೂ ಇದ್ದರು. ಅವರ ಪಕ್ಷ ಐದು ದಿನ ಹಿಂದೆ ಇದೇ ಮಸೂದೆಯ ವಿರುದ್ಧ ಮತ ಹಾಕಿತ್ತು. ಸ್ವತಃ ಮಾರ್ಟೆನ್ಸ್ ಕ್ಯಾಥೋಲಿಕ್. ಆತ್ಮಸಾಕ್ಷಿ ಅವರಿಗೂ ಇತ್ತು. ಆದರೂ ಸಂಸತ್ತು ಹೇಳಿದ್ದನ್ನು ಜಾರಿ ಮಾಡುವುದು ತಮ್ಮ ಹುದ್ದೆಯ ಕೆಲಸ, ಅದು ತಮ್ಮ ಸ್ವಂತ ಒಪ್ಪಿಗೆ ಅಲ್ಲ ಎಂದು ಪೆನ್ನು ಹಿಡಿದರು. ರಾಜ ಎದುರಿಸಿದ ಪ್ರಶ್ನೆಯನ್ನೇ ಅವರೂ ಎದುರಿಸಿದರು, ಬೇರೆ ಉತ್ತರ ಕೊಟ್ಟರು. ಅವರ ಹೆಸರು ಯಾರಿಗೂ ನೆನಪಿಲ್ಲ.

ಬುಧವಾರ ಸುದ್ದಿ ಹೊರಬಿತ್ತು. ರಾಜನ ಪತ್ರವೂ ಬಹಿರಂಗವಾಯಿತು. ರಾಜ ಮತ್ತು ಪ್ರಧಾನಿಯ ಮಾತು ಗುಟ್ಟಾಗಿ ಇರಬೇಕು ಎಂಬ ಸಂಪ್ರದಾಯ ಅಂದು ಪಕ್ಕಕ್ಕೆ ಸರಿಯಿತು. ಬೇರೆ ಉಪಾಯವೂ ಇರಲಿಲ್ಲ. ಯಾಕೆ ಎಂದು ಹೇಳದೆ ರಾಜನ ಅಧಿಕಾರ ಕಿತ್ತುಕೊಂಡರೆ ಜನ ಏನೆಂದುಕೊಂಡಾರು?

ಗುರುವಾರ, ಏಪ್ರಿಲ್ 5. ಕಾನೂನು ಗೆಜೆಟ್‌ನಲ್ಲಿ ಪ್ರಕಟವಾಯಿತು. ಅದೇ ದಿನ ಎರಡೂ ಮನೆಗಳ ಜಂಟಿ ಅಧಿವೇಶನ ಸೇರಿ, ರಾಜ ಮತ್ತೆ ಆಳುವ ಸ್ಥಿತಿಗೆ ಬಂದಿದ್ದಾರೆ ಎಂದು ನಿರ್ಣಯ ಮಾಡಿತು. ಪರ 245. ವಿರುದ್ಧ ಒಂದೂ ಇಲ್ಲ. ತಟಸ್ಥ 93. ಆ 93ರಲ್ಲೇ ಅಸಮಾಧಾನ ಎಷ್ಟಿತ್ತು ಎಂದು ಕಾಣುತ್ತದೆ. ಯಾರೂ ರಾಜನನ್ನು ಇಳಿಸಲು ಬಯಸಲಿಲ್ಲ. ನಡೆದದ್ದು ಸರಿ ಎಂದು ಹೇಳಲು ಮಾತ್ರ ಬಹಳ ಜನರಿಗೆ ಬಾಯಿ ಬರಲಿಲ್ಲ.

ಆಕ್ಷೇಪ ಸಣ್ಣದಲ್ಲ. ರಾಜನಿಗೆ ಆಳಲು ಆಗುತ್ತಿರಲಿಲ್ಲವೇ, ಇಷ್ಟವಿರಲಿಲ್ಲವೇ? ಎರಡೂ ಒಂದೇ ಅಲ್ಲ. ಆರೋಗ್ಯವಾಗಿದ್ದ, ಸ್ವತಂತ್ರನಾಗಿದ್ದ ಮನುಷ್ಯನನ್ನು ಕಾಗದದ ಮೇಲೆ ಅಶಕ್ತನನ್ನಾಗಿ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಶಕ್ತನನ್ನಾಗಿ ಮಾಡಿದರು. ಇವತ್ತು ಈ ಕಾನೂನಿಗೆ ಆದದ್ದು ನಾಳೆ ಇನ್ನೊಂದಕ್ಕೆ ಯಾಕಾಗಬಾರದು? ಸಂವಿಧಾನ ತಜ್ಞರು ಈ ಪ್ರಶ್ನೆಗಳನ್ನು ಆಗಲೇ ಕೇಳಿದರು.

ಜನರ ಮಟ್ಟಿಗೆ ರಾಜನ ಮೇಲಿನ ಪ್ರೀತಿ ಕಡಿಮೆ ಆಗಲಿಲ್ಲ. ಬೋದ್ವೆನ್ 1993ರ ಜುಲೈ 31ರಂದು ಸ್ಪೇನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಬ್ರಸೆಲ್ಸ್ ಅರಮನೆಯ ಮುಂದೆ ಕೊನೆಯ ದರ್ಶನಕ್ಕೆ ಜನ ಗಂಟೆಗಟ್ಟಲೆ ಸಾಲು ನಿಂತರು.

ಇದರಿಂದ ತಿಳಿಯುವುದು

ನನಗೆ ಈ ಪ್ರಕರಣದ ಬೀಗದ ಕೈ ಆ ಕಾನೂನಿನ ಒಳಗೇ ಇದೆ ಎನಿಸುತ್ತದೆ. ಯಾವ ವೈದ್ಯರೂ, ಯಾವ ನರ್ಸೂ ಗರ್ಭಪಾತಕ್ಕೆ ಕೈಜೋಡಿಸಲೇಬೇಕು ಎಂದಿಲ್ಲ ಎನ್ನುತ್ತಿತ್ತು 1990ರ ಕಾನೂನು. ಅದರ ಜೊತೆಗೇ ಒಂದು ಷರತ್ತು ಇಟ್ಟಿತ್ತು. ವೈದ್ಯರು ಒಲ್ಲೆ ಎನ್ನುವುದಾದರೆ ಮೊದಲ ಭೇಟಿಯಲ್ಲೇ ಆ ಮಹಿಳೆಗೆ ಹೇಳಬೇಕು. ಯಾಕೆ? ಅವಳು ಸಮಯ ಕಳೆದುಕೊಳ್ಳದೆ ಬೇರೆ ವೈದ್ಯರ ಹತ್ತಿರ ಹೋಗಲಿ ಅಂತ. ಒಬ್ಬರ ಆತ್ಮಸಾಕ್ಷಿ ಇನ್ನೊಬ್ಬರ ದಾರಿ ಮುಚ್ಚಬಾರದು ಎಂಬ ತಿಳಿವಳಿಕೆ ಅದರಲ್ಲಿತ್ತು.

ರಾಜ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ವೈದ್ಯರು ಸಾವಿರಾರು, ರಾಜ ಒಬ್ಬ. ವೈದ್ಯರು ಒಲ್ಲೆ ಎಂದರೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿದ್ದಾರೆ. ರಾಜ ಒಲ್ಲೆ ಎಂದರೆ ಹೋಗಲು ಬೇರೆ ಬಾಗಿಲಿಲ್ಲ. ಅದಕ್ಕೇ ಆತ್ಮಸಾಕ್ಷಿ ರಾಜನಿಗೂ ಇರಬೇಕಲ್ಲವೇ ಎಂಬ ಅವರ ಪ್ರಶ್ನೆಗೆ ನನ್ನ ಉತ್ತರ ಎರಡು ಭಾಗದ್ದು. ಮನುಷ್ಯನಾಗಿ ಖಂಡಿತ ಇರಬೇಕು. ಆದರೆ ಕಾನೂನಾಗುವ ದಾರಿಯಲ್ಲಿ ಒಬ್ಬನೇ ಒಬ್ಬ ಮನುಷ್ಯನ ಮನಸ್ಸನ್ನು ನಿಲ್ಲಿಸಿದ್ದು ಸಂವಿಧಾನದ ದೋಷ. ಆ ದೋಷ ಬೋದ್ವೆನ್ ಮಾಡಿದ್ದಲ್ಲ, 1831ರಿಂದ ಇತ್ತು. ಅವರ ಪತ್ರ ಅದನ್ನು ಬೆಳಕಿಗೆ ತಂದಿತು.

ಇನ್ನು, ಆ ವಾರ ದೇಶವನ್ನು ಉಳಿಸಿದ್ದು ಸಂವಿಧಾನದ ಅಕ್ಷರ ಅಲ್ಲ, ಕೆಲವು ಜನರ ನಡತೆ. ರಾಜ ಹಟ ಹಿಡಿಯಲಿಲ್ಲ. ಪ್ರಧಾನಿ ಪಕ್ಷದ ಲಾಭ ನೋಡಲಿಲ್ಲ. ಸಂಸತ್ತು ಸೇಡಿಗೆ ಇಳಿಯಲಿಲ್ಲ. ಈ ಮೂರರಲ್ಲಿ ಒಂದು ತಪ್ಪಿದ್ದರೂ 82ನೇ ವಿಧಿ ಹಿಗ್ಗಿಸಿ ಹೊಂದಿಸಿದ ಈ ಏರ್ಪಾಡು ಕುಸಿಯುತ್ತಿತ್ತು. ಮಾರ್ಟೆನ್ಸ್ ಆ ವಾರಕ್ಕೆ ತೆಗೆದುಕೊಂಡ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ತಪ್ಪು ಆಗಿದ್ದು ಆಮೇಲೆ. ಬೆಂಕಿ ಆರಿದ ಕೂಡಲೇ ಎಲ್ಲರೂ ಎದ್ದು ಹೋದರು. 1994ರಲ್ಲಿ ಸಂವಿಧಾನದ ವಿಧಿಗಳಿಗೆ ಹೊಸ ಸಂಖ್ಯೆ ಬಂದು, 82ನೆಯದು 93 ಆಯಿತು. ರಾಜನೇ ಕಾನೂನಿಗೆ ಅಂಕಿತ ಹಾಕಬೇಕು ಎಂಬ ವಿಧಿ ಈಗ 109ನೆಯದು. ಸಂಖ್ಯೆ ಬದಲಾಯಿತು, ತೊಡಕು ಅಲ್ಲೇ ಇದೆ.

ಪಕ್ಕದ ಲಕ್ಸೆಂಬರ್ಗ್ ಇದೇ ಪಾಠವನ್ನು ಚೆನ್ನಾಗಿ ಕಲಿಯಿತು. 2008ರ ಡಿಸೆಂಬರ್‌ನಲ್ಲಿ ಅಲ್ಲಿ ರಾಜನ ಸ್ಥಾನದಲ್ಲಿದ್ದ ಗ್ರ್ಯಾಂಡ್ ಡ್ಯೂಕ್ ಹೆನ್ರಿ, ದಯಾಮರಣದ ಕಾನೂನಿಗೆ ಒಪ್ಪಿಗೆ ಕೊಡಲಾರೆ ಎಂದರು. ಅಲ್ಲಿನ ಪ್ರಧಾನಿಯೂ ಕ್ರಿಶ್ಚಿಯನ್ ಡೆಮಾಕ್ರಟ್, ಅವರಿಗೂ ಆ ಕಾನೂನು ಇಷ್ಟವಿರಲಿಲ್ಲ. ಆದರೆ ಗ್ರ್ಯಾಂಡ್ ಡ್ಯೂಕ್ ಅಶಕ್ತ ಎಂದು ನಟಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಸೀದಾ ಸಂವಿಧಾನ ತಿದ್ದಿದರು. ಒಪ್ಪಿಗೆ ಕೊಡುವ ಅಧಿಕಾರವನ್ನೇ ತೆಗೆದು, ಪಾಸಾದ ಕಾನೂನನ್ನು ಪ್ರಕಟಿಸುವ ಕೆಲಸವನ್ನು ಮಾತ್ರ ಉಳಿಸಿದರು. 2009ರ ಮಾರ್ಚ್‌ನಲ್ಲಿ ತಿದ್ದುಪಡಿ ಮುಗಿಯಿತು, ಅದೇ ತಿಂಗಳು ದಯಾಮರಣದ ಕಾನೂನೂ ಬಂತು. ಹೆನ್ರಿ ಹುದ್ದೆಯಲ್ಲಿ ಉಳಿದರು. ನಿಜ, ಅಲ್ಲಿ ತಿದ್ದುಪಡಿಗೆ ಚುನಾವಣೆ ಬೇಕಿರಲಿಲ್ಲ, ಅದು ಅವರಿಗೆ ಅನುಕೂಲವಾಯಿತು. ಸ್ವೀಡನ್ ಇನ್ನೂ ಮೊದಲೇ, 1975ರಿಂದ ಜಾರಿಗೆ ಬಂದ ಸಂವಿಧಾನದಲ್ಲಿ, ರಾಜನನ್ನು ಕಾನೂನಿನ ದಾರಿಯಿಂದ ಪೂರ್ತಿ ಹೊರಗಿಟ್ಟಿದೆ. ಅಲ್ಲಿ ಪ್ರಧಾನಿಯ ಹೆಸರು ಮುಂದಿಡುವುದೂ ಸ್ಪೀಕರ್ ಕೆಲಸ. ರಾಜ ಸಂಸತ್ತಿನ ಅಧಿವೇಶನ ಉದ್ಘಾಟಿಸುತ್ತಾರೆ, ದೇಶವನ್ನು ಪ್ರತಿನಿಧಿಸುತ್ತಾರೆ, ರಾಜನಾಗಿಯೇ ಇದ್ದಾರೆ.

ಬೋದ್ವೆನ್ ಪ್ರಕರಣ ರಾಜಮನೆತನಗಳ ನಡುವೆ ಎಷ್ಟು ಹೆಸರಾಗಿದೆ ಎಂದರೆ, 2005ರಲ್ಲಿ ಸ್ಪೇನ್ ಸಲಿಂಗ ವಿವಾಹದ ಕಾನೂನು ತರುವಾಗ ನೀವು ಸಹಿ ಹಾಕುತ್ತೀರಾ ಎಂದು ರಾಜ ಹುವಾನ್ ಕಾರ್ಲೋಸ್ ಅವರನ್ನು ಕೇಳಿದ್ದಕ್ಕೆ, ನಾನು ಸ್ಪೇನ್‌ನ ರಾಜ, ಬೆಲ್ಜಿಯಂನ ರಾಜ ಅಲ್ಲ ಎಂಬ ಉತ್ತರ ಬಂತು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಅವರು ಸಹಿ ಹಾಕಿದರು.

ಬೆಲ್ಜಿಯಂನಲ್ಲೂ ಮುಂದಿನ ರಾಜರು ಆ ದಾರಿ ಹಿಡಿದಿಲ್ಲ. ಎರಡನೇ ಆಲ್ಬರ್ಟ್ 2002ರಲ್ಲಿ ದಯಾಮರಣದ ಕಾನೂನಿಗೆ, 2003ರಲ್ಲಿ ಸಲಿಂಗ ವಿವಾಹದ ಕಾನೂನಿಗೆ ಅಂಕಿತ ಹಾಕಿದರು. 2014ರಲ್ಲಿ ದಯಾಮರಣದ ವಯಸ್ಸಿನ ಮಿತಿ ತೆಗೆಯುವ ಮಸೂದೆ ಬಂದಾಗ, ಅಂಕಿತ ಹಾಕಬೇಡಿ ಎಂದು ರಾಜ ಫಿಲಿಪ್ ಅವರಿಗೆ ಮನವಿ ಹೋಯಿತು. ದೊಡ್ಡಪ್ಪ ಬೋದ್ವೆನ್ ತೋರಿಸಿದ ದಾರಿ ಅವರ ಕಣ್ಣ ಮುಂದಿತ್ತು. ಅವರು ಪಟ್ಟಕ್ಕೆ ಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಅಂಕಿತ ಹಾಕಿದರು.

ಹಾಗಾದರೆ ವಿಧಿ ತಿದ್ದದೆ ಬಿಟ್ಟದ್ದರಿಂದ ಏನು ನಷ್ಟ ಎಂದು ಕೇಳಬಹುದು. ಪ್ರತಿ ಸಲ ಇಂಥ ಮಸೂದೆ ಬಂದಾಗ ಎಲ್ಲರ ಕಣ್ಣು ಸಂಸತ್ತಿನ ಬದಲು ಅರಮನೆಯ ಕಡೆ ತಿರುಗುತ್ತದೆ. ರಾಜ ಸಹಿ ಹಾಕಿದರೆ ಒಪ್ಪಿದ ಹಾಗೆ, ಹಾಕದಿದ್ದರೆ ವಿರೋಧಿಸಿದ ಹಾಗೆ. ಯಾವ ಪಕ್ಷಕ್ಕೂ ಸೇರದೆ ಇರಬೇಕಾದವರನ್ನು ಕಾನೂನೇ ಪಕ್ಷ ಹಿಡಿಯುವಂತೆ ನಿಲ್ಲಿಸುತ್ತದೆ. ತಿದ್ದಲು ಪಕ್ಷಗಳು ಹಿಂದೇಟು ಹಾಕುವುದಕ್ಕೆ ಕಾರಣವೂ ಇದೆ. ಫ್ಲಾಂಡರ್ಸ್‌ನ ರಾಷ್ಟ್ರವಾದಿ ಪಕ್ಷಗಳಿಗೆ ರಾಜನ ಪಾತ್ರ ಆದಷ್ಟು ಕಡಿಮೆ ಆಗಬೇಕು. ಆ ಒಂದು ವಿಧಿಯನ್ನು ತಿದ್ದುಪಡಿಯ ಪಟ್ಟಿಗೆ ಸೇರಿಸಿದರೆ, ಸರ್ಕಾರ ರಚನೆಯಲ್ಲಿ ರಾಜನ ಕೆಲಸ, ಕೊನೆಗೆ ರಾಜನೇ ಬೇಕೇ ಎಂಬಲ್ಲಿಯವರೆಗೆ ಮಾತು ಎಳೆಯುತ್ತದೆ ಎಂಬ ಅಂಜಿಕೆ ಉಳಿದವರಿಗೆ.

ಅಂಜಿಕೆ ಅರ್ಥವಾಗುವಂಥದ್ದೇ. ಆದರೂ 109ನೇ ವಿಧಿಗೆ ಸೇರಿಸಬೇಕಾದದ್ದು ಒಂದೇ ಒಂದು ಸಾಲು: ಸಂಸತ್ತು ಒಪ್ಪಿದ ಮಸೂದೆಗೆ ಇಂತಿಷ್ಟು ದಿನದೊಳಗೆ ರಾಜನ ಅಂಕಿತ ಬೀಳದಿದ್ದರೆ, ಮಂತ್ರಿಮಂಡಲ ತನ್ನ ಹೊಣೆಯ ಮೇಲೆ ಅದನ್ನು ಪ್ರಕಟಿಸುತ್ತದೆ. ರಾಜನ ಉಳಿದ ಯಾವ ಕೆಲಸಕ್ಕೂ ಇದರಿಂದ ಧಕ್ಕೆ ಇಲ್ಲ. 1990ರ ಪತ್ರದಲ್ಲಿ ಬೋದ್ವೆನ್ ಕೇಳಿದ್ದು ಇಂಥದೇ ದಾರಿ. ಅದನ್ನು ಮಾಡಿಕೊಡುವ ಕೆಲಸ ಬೆಲ್ಜಿಯಂ ಸಂಸತ್ತಿನ ಮೇಲೆ ಇನ್ನೂ ಬಾಕಿ ಇದೆ.